ಮೇಲ್ಮೈ ಅಲೆಯ ಸೆನ್ಸರ್: ಫಿಲ್ಟರ್‌ಗೆಂದು ಹಾಕಿದ ಲೆಕ್ಕ ಎಲ್ಲಿ ಸಾಲದಾಯಿತು?

ಹರಳಿನ ಮೇಲ್ಮೈಯಲ್ಲಿ ಓಡುವ ಅಲೆಯ ವೇಗ ನೋಡಿ ಗಾಳಿಯಲ್ಲಿರುವ ಅನಿಲವನ್ನು ಪತ್ತೆ ಹಚ್ಚುವ ಸೆನ್ಸರ್‌ಗಳಿವೆ. ತಯಾರಿಸುವ ಮೊದಲು ಇವನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ನೋಡುವುದು ಈಗ ವಾಡಿಕೆ. ಆದರೆ ಆ ಮಾಡೆಲ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಸೆನ್ಸರ್‌ಗಾಗಿ ಅಲ್ಲ, ಬೇಕಾದ ಆವರ್ತನದ ಸಿಗ್ನಲ್ ಮಾತ್ರ ಬಿಡುವ ಫಿಲ್ಟರ್‌ಗಾಗಿ. ತೊಡಕಿನ ಮೂಲ ಅಲ್ಲೇ ಇದೆ.

ಇಂಥ ಅಲೆ ಸಾಧ್ಯ ಎಂದು ಲಾರ್ಡ್ ರೇಲಿ 1885ರಲ್ಲೇ ಗಣಿತದಿಂದ ತೋರಿಸಿದ್ದರು. 1965ರಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಅದನ್ನು ಹುಟ್ಟಿಸುವ ಸುಲಭ ದಾರಿ ಕಂಡುಕೊಂಡರು. ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಕೂತ ಹಾಗೆ ಪೀಜೋಎಲೆಕ್ಟ್ರಿಕ್ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ) ಹರಳಿನ ಮೇಲೆ ಲೋಹದ ಪಟ್ಟಿಗಳು, ಅಷ್ಟೇ. ರಾಡಾರ್‌ನವರಿಗೆ, ಟಿವಿ ಫಿಲ್ಟರ್ ಮಾಡುವವರಿಗೆ ಇದು ತುಂಬಾ ಹಿಡಿಸಿತು. 1969ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಪ್ರತಿ ಪಟ್ಟಿಯನ್ನೂ ಪುಟ್ಟ ಸರ್ಕ್ಯೂಟ್ ಎಂದುಕೊಂಡು ಲೆಕ್ಕ ಹಾಕಿದರು. ಆಮೇಲೆ ಒಂದು ಚುಟುಕು ಸಿಗ್ನಲ್‌ಗೆ ಸಾಧನ ಹೇಗೆ ಸ್ಪಂದಿಸುತ್ತದೆ ಎಂದು ನೋಡುವ ಇಂಪಲ್ಸ್ ರೆಸ್ಪಾನ್ಸ್ ಮಾಡೆಲ್, ಪಟ್ಟಿಗಳಿಗೆ ತಾಗಿ ಹಿಂದೆ ಬರುವ ಅಲೆಯನ್ನೂ ಸೇರಿಸಿಕೊಳ್ಳುವ ಕಪ್ಲಿಂಗ್ ಆಫ್ ಮೋಡ್ಸ್ ಮಾಡೆಲ್ ಬಂದವು. ಫಿಲ್ಟರ್‌ಗೆ ಇಷ್ಟು ಸಾಕಿತ್ತು.

1979ರಲ್ಲಿ ವೋಲ್ಟ್‌ಜೆನ್ ಮತ್ತು ಡೆಸಿ ಇದನ್ನೇ ರಾಸಾಯನಿಕ ಆವಿ ಪತ್ತೆಗೆ ಬಳಸಿದರು. ಮೇಲ್ಮೈಗೆ ತೆಳು ಪಾಲಿಮರ್ ಬಳಿದರೆ ಅದು ಆವಿಯನ್ನು ಹೀರಿಕೊಳ್ಳುತ್ತದೆ, ಅಲೆಯ ವೇಗ ಚೂರು ಬದಲಾಗುತ್ತದೆ. ಚೂರು ಅಂದರೆ ಎಷ್ಟು? 100 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಸೆನ್ಸರ್‌ನಲ್ಲಿ ವೇಗ ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾದರೆ ಆವರ್ತನದಲ್ಲಿ 100 ಹರ್ಟ್ಸ್ ವ್ಯತ್ಯಾಸ. ವೈ-ಝಡ್ ಕಟ್ (ಒಂದು ಗೊತ್ತಾದ ದಿಕ್ಕಿನಲ್ಲಿ ಕತ್ತರಿಸಿದ) ಲಿಥಿಯಂ ನಯೋಬೇಟ್ ಹರಳು ಬರೀ ಒಂದು ಡಿಗ್ರಿ ಬಿಸಿಯಾದರೆ ಸುಮಾರು 9,400 ಹರ್ಟ್ಸ್ ಜರುಗುತ್ತದೆ! ಫಿಲ್ಟರ್‌ನವರು ಸಣ್ಣ ತಪ್ಪು ಎಂದು ಬಿಟ್ಟುಬಿಡಬಹುದಾದದ್ದೇ ಇಲ್ಲಿ ಸಿಗ್ನಲ್, ಅಲ್ವಾ?

ಹಾಗಾಗಿ ಎಲ್ಲವನ್ನೂ ತುಣುಕು ತುಣುಕಾಗಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದ ಕಡೆ ಜನ ವಾಲಿದರು. ಅದರ ಕಷ್ಟ ಬೇರೆ. ಅದೇ ಹರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ 3,488 ಮೀಟರ್. 100 ಮೆಗಾಹರ್ಟ್ಸ್‌ಗೆ ಅಲೆಯುದ್ದ ಸುಮಾರು 35 ಮೈಕ್ರಾನ್. ಒಂದು ಅಲೆಯುದ್ದಕ್ಕೆ ಹತ್ತು ತುಣುಕು ಎಂದರೂ, 5 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ, ಐದು ಅಲೆಯುದ್ದ ಆಳಕ್ಕೆ ನಾಲ್ಕು ಕೋಟಿ ತುಣುಕು ಬೇಕು. ಪ್ರತಿ ಬಿಂದುವಿನಲ್ಲೂ ಮೂರು ದಿಕ್ಕಿನ ಚಲನೆ, ಜೊತೆಗೆ ವೋಲ್ಟೇಜ್. ಪಾಲಿಮರ್ ಪದರವೋ ಇನ್ನೂ ಎಷ್ಟೋ ತೆಳು.

ಇದಕ್ಕೆ ಜಾಣ ಉಪಾಯವೊಂದಿದೆ. ಒಂದೇ ಜೋಡಿ ಪಟ್ಟಿಯನ್ನು ತೆಗೆದುಕೊಂಡು, ಎಡ ಬಲ ಅಂಚುಗಳನ್ನು ಒಂದಕ್ಕೊಂದು ಕಟ್ಟಿಬಿಡುವುದು. ಆಗ ಇಂಥ ಜೋಡಿಗಳು ಕೊನೆಯೇ ಇಲ್ಲದೆ ಸಾಲಾಗಿವೆ ಎಂದು ಲೆಕ್ಕ. ಸಿಗುವ ಉತ್ತರ ಎರಡು ಆವರ್ತನಗಳು. ಅವುಗಳ ನಡುವಿನ ಅಂತರದಿಂದ ಪಟ್ಟಿ ಎಷ್ಟು ಅಲೆಯನ್ನು ಹಿಂದೆ ತಳ್ಳುತ್ತದೆ ಎಂದು ತಿಳಿಯುತ್ತದೆ. ಆ ಸಂಖ್ಯೆಯನ್ನು ಹಳೆಯ ಕಪ್ಲಿಂಗ್ ಆಫ್ ಮೋಡ್ಸ್ ಮಾಡೆಲ್‌ಗೆ ಕೊಟ್ಟರೆ ಇಡೀ ಸಾಧನದ ಲೆಕ್ಕ ಸರಸರ ಮುಗಿಯುತ್ತದೆ. ನನಗಂತೂ ಈ ಇತಿಹಾಸದಲ್ಲಿ ಜಾಸ್ತಿ ಇಷ್ಟವಾಗುವುದು ಈ ಹೊಸದು-ಹಳೆಯದರ ಕೂಡಿಕೆಯೇ.

ಇಷ್ಟಾದರೂ ಪದರದ ವಿಷಯ ಬಗೆಹರಿದಿಲ್ಲ. ಹರಳಿನ ಗುಣಗಳು ಪುಸ್ತಕದಲ್ಲಿ ಸಿಗುತ್ತವೆ. ಪಾಲಿಮರ್ ಹಾಗಲ್ಲ. ಆವಿ ಕುಡಿದರೆ ಅದರ ತೂಕ ಹೆಚ್ಚುವುದಷ್ಟೇ ಅಲ್ಲ, ಅದು ಮೆತ್ತಗೂ ಆಗಬಹುದು. ಅದಕ್ಕೇ ಎಷ್ಟೋ ಕಡೆ ಮೊದಲು ಒಂದು ಸೆನ್ಸರ್ ಮಾಡಿ, ಅಳೆದು, ಆ ಅಳತೆಗೆ ಹೊಂದುವ ತನಕ ಪದರದ ಸಂಖ್ಯೆಗಳನ್ನು ತಿದ್ದುತ್ತಾರೆ. ಅಂಥ ಮಾಡೆಲ್ ಅದೇ ಸೆನ್ಸರ್‌ಗೆ ತಾಳೆಯಾದರೆ ದೊಡ್ಡ ಮಾತೇನಲ್ಲ. ಪದರದ ದಪ್ಪವನ್ನೋ ಆವಿಯನ್ನೋ ಬದಲಿಸಿದ ಮೇಲೂ ತಾಳೆಯಾಗಬೇಕು.