ಕೆಲಸ ಬಿಟ್ಟು ಹಳ್ಳಿಗೆ ಹೋಗಬಹುದೇ? ಮೊದಲು ಏಪ್ರಿಲ್‌ ತಿಂಗಳಲ್ಲಿ ಬೋರ್ ನೋಡಿ

ಓದುಗರ ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮಗಳಿಗೆ 8 ವರ್ಷ. ಉಳಿತಾಯದ ಹಣದಲ್ಲಿ ತಿಪಟೂರು ಅಥವಾ ಗುಬ್ಬಿ ಕಡೆ 2 ಎಕರೆ ತೆಂಗಿನ ತೋಟ ಕೊಂಡು ಅಲ್ಲೇ ನೆಲೆಸುವ ಆಸೆ. ಕೆಲಸ ಬಿಡಬಹುದೇ? ಏನನ್ನು ನೋಡಿ ನಿರ್ಧರಿಸಬೇಕು?

ಊರಿಗೆ ಹೋಗಿ ಬದುಕುವುದು ಒಂದು ನಿರ್ಧಾರ. ಜಮೀನು ಕೊಳ್ಳುವುದು ಇನ್ನೊಂದು. ಆ ಜಮೀನಿನಿಂದಲೇ ಸಂಸಾರ ನಡೆಸುವುದು ಮೂರನೆಯದು. ಮೂರನ್ನೂ ಒಂದೇ ಏಟಿಗೆ ಮಾಡಹೊರಟವರು ಸೋಲುವುದೇ ಹೆಚ್ಚು. ಆದ್ದರಿಂದ ನಮ್ಮ ಉತ್ತರ: ಹೋಗಿ, ಆದರೆ ಮೊದಲು ಬಾಡಿಗೆ ಮನೆಗೆ ಹೋಗಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕಳೆದ ಮೇಲೆ ಜಮೀನು ಕೊಳ್ಳಿ. ಇಬ್ಬರ ಸಂಬಳದಲ್ಲಿ ಒಂದಾದರೂ ನಿಲ್ಲದಂತೆ ನೋಡಿಕೊಳ್ಳಿ.

ಸಂಬಳದ ಮಾತು ಯಾಕೆ ಬಂತು ಎಂಬುದಕ್ಕೆ ತೋಟದ ಲೆಕ್ಕ ನೋಡೋಣ. 30 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ, 2 ಎಕರೆಗೆ 96. ಚೆನ್ನಾಗಿ ಗೊಬ್ಬರ, ನೀರು ಕಂಡ ತಿಪಟೂರು ಎತ್ತರದ ತಳಿ ಮರಕ್ಕೆ ವರ್ಷಕ್ಕೆ 65 ಕಾಯಿ ಎಂದಿಟ್ಟುಕೊಂಡರೆ ಒಟ್ಟು 6,240 ಕಾಯಿ. ಆ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತು ತಿಂಗಳ ಆಸುಪಾಸು ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ಮಾರುತ್ತಾರೆ. ಕಾಯಿಗೆ 150 ಗ್ರಾಂ ಕೊಬ್ಬರಿಯಂತೆ ಸುಮಾರು 9 ಕ್ವಿಂಟಲ್. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅಂದರೆ ವರ್ಷಕ್ಕೆ 1,08,900 ರೂಪಾಯಿ. ತಿಂಗಳಿಗೆ 9,000 ಚಿಲ್ಲರೆ. ಇದರಲ್ಲಿ ಕಾಯಿ ಕೀಳುವ, ಸುಲಿಯುವ, ಉಳುವ, ಗೊಬ್ಬರ ಹಾಕುವ ಕೂಲಿ ಇನ್ನೂ ಕಳೆದಿಲ್ಲ. ಮಾರುಕಟ್ಟೆ ಧಾರಣೆ 2023ರಲ್ಲಿ 8,000ದ ಆಸುಪಾಸಿಗೆ ಕುಸಿದಿತ್ತು, 2025ರಲ್ಲಿ 20,000 ದಾಟಿತು. ದಾಟಿದ ವರ್ಷದ ಧಾರಣೆ ಹಿಡಿದು ಲೆಕ್ಕ ಹಾಕುವವರು ತೋಟಕ್ಕೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ನೀವು ಕುಸಿದ ವರ್ಷದ ಧಾರಣೆ ಹಿಡಿದು ಲೆಕ್ಕ ಹಾಕಿ, ಆಗಲೂ ಮನೆ ನಡೆಯುವುದೇ ನೋಡಿ.

ಖಾಲಿ ಜಮೀನು ಕೊಂಡು ಹೊಸದಾಗಿ ಸಸಿ ನೆಟ್ಟರೆ ಫಸಲಿಗೆ 6–7 ವರ್ಷ ಕಾಯಬೇಕು. ಹಳೆಯ ತೋಟವಾದರೆ ಮರಗಳ ಬುಡದ ಕಡೆ ಕಣ್ಣು ಹಾಯಿಸಿ. ಕಾಂಡದಿಂದ ಕೆಂಪು-ಕಂದು ರಸ ಸೋರಿ ಒಣಗಿದ ಗುರುತು, ಬುಡದಲ್ಲಿ ಅಣಬೆ ಕಂಡರೆ ಅದು ಬೇರಿಂದ ಬೇರಿಗೆ ಹರಡುವ ರೋಗ. ಒಂದು ಮರಕ್ಕೆ ಬಂದಿದ್ದರೆ ಪಕ್ಕದ ಮರಗಳನ್ನೂ ಲೆಕ್ಕದಿಂದ ಕೈಬಿಟ್ಟೇ ಬೆಲೆ ಮಾತಾಡಬೇಕು.

ನೀರು

ಉಳಿದೆಲ್ಲವನ್ನೂ ಹಣದಿಂದ ಸರಿಪಡಿಸಬಹುದು, ನೀರನ್ನು ಆಗುವುದಿಲ್ಲ. ಹಾಗಾಗಿ ಜಮೀನು ನೋಡುವ ಕಾಲ ಏಪ್ರಿಲ್. ಅಕ್ಟೋಬರ್‌ನಲ್ಲಿ, ಕೆರೆ ಕೋಡಿ ಹರಿಯುವಾಗ, ಎಲ್ಲ ಬೋರ್‌ಗಳೂ ಚೆನ್ನಾಗಿಯೇ ಇರುತ್ತವೆ.

ಮಾರುವವರು "ಎರಡು ಇಂಚು ನೀರಿದೆ" ಎನ್ನುತ್ತಾರೆ. ಈ ಇಂಚು ಪೈಪಿನ ಅಳತೆಯಲ್ಲ. ಬೋರ್ ಕೊರೆದಾಗ ವಿ ಆಕಾರದ ತಗಡಿನ ಕಿಂಡಿಯಲ್ಲಿ ನೀರು ಎಷ್ಟು ಎತ್ತರ ಹರಿಯಿತು ಎಂಬುದರ ಅಳತೆ. 90 ಡಿಗ್ರಿಯ ಕಿಂಡಿಯಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, 1.5 ಇಂಚು ಎಂದರೆ 1,400, 2 ಇಂಚು ಎಂದರೆ 2,900. ಒಂದರಿಂದ ಎರಡು ಇಂಚಿಗೆ ಹೋದಾಗ ನೀರು ಐದೂವರೆ ಪಟ್ಟು ಹೆಚ್ಚುತ್ತದೆ. ಎರಡರಿಂದ ಒಂದಕ್ಕೆ ಇಳಿದಾಗ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. "ಸ್ವಲ್ಪ ಕಡಿಮೆ ಬರ್ತಿದೆ ಅಷ್ಟೇ" ಎಂಬ ಮಾತಿನ ಹಿಂದೆ ಇರುವುದು ಇದು.

ಪರೀಕ್ಷೆಗೆ 200 ಲೀಟರ್ ಡ್ರಮ್ ಮತ್ತು ಗಡಿಯಾರ ಸಾಕು. ಮೋಟರ್ ಹಾಕಿ ಒಂದು ಗಂಟೆ ನೀರು ಹರಿಯಲು ಬಿಡಿ. ಮೊದಲು ಬರುವುದು ಕೊಳವೆಯಲ್ಲಿ ನಿಂತಿದ್ದ ನೀರು. ಅದನ್ನು ಅಳೆದು ಪ್ರಯೋಜನವಿಲ್ಲ. ಗಂಟೆಯ ನಂತರ ಡ್ರಮ್ ಇಡಿ. ನಾಲ್ಕು ನಿಮಿಷದಲ್ಲಿ ತುಂಬಿದರೆ 2 ಇಂಚು, ಎಂಟೂವರೆ ನಿಮಿಷವಾದರೆ 1.5, ಇಪ್ಪತ್ತನಾಲ್ಕು ನಿಮಿಷವಾದರೆ 1. ನೀರು ಬಿಟ್ಟು ಬಿಟ್ಟು ಬಂದು ನಡುವೆ ಪೈಪು ಬುಸುಗುಟ್ಟಿದರೆ ಮೋಟರ್ ಗಾಳಿ ಎಳೆಯುತ್ತಿದೆ, ಒರತೆ ಸಾಲುತ್ತಿಲ್ಲ ಎಂದರ್ಥ. ಇನ್ನೂ ಒಂದು ಗಂಟೆ ಓಡಿಸಿ ಮತ್ತೊಮ್ಮೆ ಅಳೆಯಿರಿ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಎಂಬುದು ಲೆಕ್ಕ. 2 ಇಂಚಿನ ಬೋರ್ ಆ ಅವಧಿಯಲ್ಲಿ 20,000 ಲೀಟರ್ ಎತ್ತುತ್ತದೆ, 1 ಇಂಚಿನದು 3,500 ಮಾತ್ರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ತೆಂಗಿನ ಮರಕ್ಕೆ ದಿನಕ್ಕೆ 60–80 ಲೀಟರ್ ಬೇಕು. 96 ಮರಕ್ಕೆ ಸುಮಾರು 6,700. ಹಾಗಾಗಿ 1.5 ಇಂಚು ಇದ್ದರೆ ನಿಮ್ಮ ತೋಟ ಉಳಿಯುತ್ತದೆ, 1 ಇಂಚಿಗೆ ಇಳಿದರೆ ಇಲ್ಲ. ನಡುವೆ ಅಡಿಕೆ ಹಾಕುವ ಆಸೆ ಇದ್ದರೆ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ: 9 ಅಡಿ ಅಂತರದ ಒಂದು ಎಕರೆ ಅಡಿಕೆ ಎಂದರೆ 538 ಗಿಡ, ಗಿಡಕ್ಕೆ 20 ಲೀಟರಿನಂತೆ ದಿನಕ್ಕೆ 10,000 ಲೀಟರ್ ದಾಟುತ್ತದೆ. ಇದ್ದ ಒಂದು ಬೋರ್ ನಂಬಿ ತೆಂಗಿನ ಸಾಲಿನ ನಡುವೆಲ್ಲ ಅಡಿಕೆ ತುಂಬಿ, ಮೂರನೇ ಬೇಸಿಗೆಗೆ ಟ್ಯಾಂಕರ್ ತರಿಸುವ ತೋಟಗಳು ಈ ಬಯಲುಸೀಮೆಯಲ್ಲಿ ಬೇಕಾದಷ್ಟಿವೆ.

ಅಕ್ಕಪಕ್ಕದ ಜಮೀನಿನವರನ್ನು ಕೇಳಿ: ಎಷ್ಟು ಬೋರ್ ಕೊರೆಸಿದಿರಿ, ಎಷ್ಟು ಅಡಿ, ಎಷ್ಟು ಒಣಗಿದವು? ಹೇಮಾವತಿ ನಾಲೆಯಿಂದ ತುಂಬುವ ಕೆರೆಯ ಹಿಂದು-ಮುಂದಿನ ಜಮೀನಾದರೆ, ಕೆರೆಗೆ ನೀರು ಬಿಡದ ವರ್ಷ ಬೋರ್ ಏನಾಯಿತೆಂದೂ ಕೇಳಿ. ಕುಡಿಯುವ ನೀರನ್ನು ಪರೀಕ್ಷೆಗೆ ಕೊಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುದಿಸಿದರೆ ಹೋಗುವುದಿಲ್ಲ, ಆವಿಯಾಗಿ ಸಾಂದ್ರತೆ ಇನ್ನೂ ಏರುತ್ತದೆ. ತುಮಕೂರು ಜಿಲ್ಲೆಯ ಉತ್ತರಕ್ಕೆ, ಪಾವಗಡದ ಕಡೆ ಹೋದಷ್ಟೂ ಈ ತೊಂದರೆ ಹೆಚ್ಚು. ಉಪಾಯ ಇಲ್ಲದಿಲ್ಲ: 1,000 ಚದರ ಅಡಿ ಚಾವಣಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ, ಸೋರಿ ಹೋಗುವುದನ್ನು ಕಳೆದು 47,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಮೂವರಿಗೆ ವರ್ಷವಿಡೀ ಬೇಕಾದದ್ದು 7,500 ಲೀಟರ್ ಒಳಗೆ. ಹತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಕವಾಟ, ಒಂದು ಶೋಧಕ ಇದ್ದರೆ ಮುಗಿಯಿತು.

ಕಾಗದ ಪತ್ರ

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಈಗ ಜಮೀನು ಕೊಳ್ಳಬಹುದು. ಕೊಳ್ಳುವುದು ಸುಲಭವಾಯಿತು, ತಪ್ಪು ಜಮೀನು ಕೊಳ್ಳುವುದೂ ಅಷ್ಟೇ ಸುಲಭವಾಯಿತು.

ಪಹಣಿಯನ್ನು ಮಾರುವವರ ಕೈಯಿಂದ ಪಡೆಯದೆ ನೀವೇ ತೆಗೆಸಿ. 3ನೇ ಕಾಲಂನಲ್ಲಿ ಖರಾಬು ಎಷ್ಟೆಂದು ನೋಡಿ. ಎ ಖರಾಬು ಸಾಗುವಳಿಗೆ ಬಾರದ ನೆಲ. ಬಿ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ನೆಲ, ಅದು ನಿಮ್ಮದಾಗುವುದಿಲ್ಲ. 9ರಲ್ಲಿ ಯಾರ ಹೆಸರಿದೆ, 10ರಲ್ಲಿ ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ ಅಥವಾ ತಕರಾರು ಇದೆಯೇ? ಅಲ್ಲಿ ಬರೆದ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಹಿಂದಕ್ಕೆ ಹೋಗಿ, 1974ರ ತನಕ. ಯಾಕೆ 1974? ಉಳುವವನೇ ಒಡೆಯ ಎಂಬ ತಿದ್ದುಪಡಿ ಜಾರಿಯಾದದ್ದು ಆಗ. ಒಡೆತನ ಕೋರಿ ಗೇಣಿದಾರ ಹಾಕಿದ ನಮೂನೆ 7ರ ಅರ್ಜಿ ತೀರ್ಮಾನವಾಗದೆ ಉಳಿದಿದ್ದರೆ ಇಂದಿಗೂ ತಲೆನೋವು.

ಮೂಲತಃ ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದ ಜಮೀನಾದರೆ ಅನುಮತಿಯಿಲ್ಲದ ಮಾರಾಟ 1978ರ ಕಾಯ್ದೆಯಡಿ ಅಸಿಂಧು. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಕುಟುಂಬಕ್ಕೆ ಮರಳಬಹುದು. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಆ ಕುಟುಂಬಗಳ ಹಕ್ಕು ಕಾಯಲು ಬಂದ ಕಾನೂನು ಅದು; ಕಡಿಮೆ ಬೆಲೆಗೆ ಸಿಕ್ಕಿತೆಂದು ಅಂಥ ಜಮೀನಿಗೆ ಕೈ ಹಾಕಬೇಡಿ.

ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಕ್ರಯಪತ್ರದ ಮೇಲೆಯೇ ಆಗಲಿ. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11ಇ ನಕ್ಷೆ ಬೇಕೇ ಬೇಕು. ದಾರಿಯ ವಿಷಯದಲ್ಲಿ ಒಂದೇ ಪ್ರಶ್ನೆ: ಇದು ನಕಾಶೆ ಕಂಡ ದಾರಿಯೋ, ಪಕ್ಕದವರ ಒಳ್ಳೆಯತನದಿಂದ ನಡೆದಿರುವ ವಾಡಿಕೆ ದಾರಿಯೋ? ಎರಡನೆಯದಾದರೆ ಪಕ್ಕದವರಿಂದ ದಾರಿಯ ಹಕ್ಕನ್ನು ಬರೆಸಿ, ನೋಂದಣಿ ಮಾಡಿಸಿದ ಮೇಲೆ ಮುಂಗಡ ಕೊಡಿ. ಮುದ್ರಾಂಕ, ನೋಂದಣಿ, ಸೆಸ್ ಸೇರಿ ಶೇ. 7ಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಅದನ್ನು ಪಕ್ಕಕ್ಕಿಟ್ಟೇ ಬಜೆಟ್ ಹಾಕಿ.

ಮನೆ, ಕರೆಂಟ್

ಕೃಷಿ ಜಮೀನಿನಲ್ಲಿ ವಾಸದ ತೋಟದ ಮನೆಗೆ ಭೂಪರಿವರ್ತನೆ ಬೇಕಿಲ್ಲ, ಆದರೆ ಹಿಡುವಳಿಯ ಶೇ. 10 ಮೀರುವಂತಿಲ್ಲ. ಪರಿವರ್ತನೆಯಾಗದ ನೆಲದ ಮೇಲೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ. ಮನೆ ಕೈ ಹಣದಲ್ಲೇ ಆಗಬೇಕು. ಊರೊಳಗಿನ ಮನೆಗೂ ತೋಟದ ಮನೆಗೂ ಕರೆಂಟಿನಲ್ಲಿ ಬಹಳ ವ್ಯತ್ಯಾಸವಿದೆ. ಊರಿಗೆ ನಿರಂತರ ಜ್ಯೋತಿಯ, ಅಂದರೆ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ಯೋಜನೆಯ, ಲೈನು ಬಂದಿರುತ್ತದೆ. ತೋಟದ ಮನೆ ಹೆಚ್ಚಾಗಿ ಪಂಪ್‌ಸೆಟ್ಟಿನ ಲೈನಿನ ಮೇಲಿರುತ್ತದೆ, ಹಗಲಲ್ಲಿ ಹಲವು ಗಂಟೆ ಏನೂ ಇರುವುದಿಲ್ಲ. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ಇದನ್ನು ಕೊಂಡ ಮೇಲೆ ಕಂಡುಕೊಳ್ಳಬಾರದು. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಎರಡು ಫ್ಯಾನ್, ದೀಪ, ಲ್ಯಾಪ್‌ಟಾಪ್, ರೌಟರ್ ಸೇರಿ 250 ವಾಟ್ ಹೊರೆಯನ್ನು ಐದು ಗಂಟೆ ಎಳೆಯುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಚಾವಣಿ ಮೇಲೆ ಸೋಲಾರ್ ಸೇರಿಸಿದರೆ ಹಗಲಿನ ಚಿಂತೆ ತಪ್ಪುತ್ತದೆ.

ಬಾಡಿಗೆಗೆ ಇದ್ದು ನೋಡುವುದು

ಮನೆ ಬಾಡಿಗೆಗೆ ಸಿಗುತ್ತದೆ. ಮಕ್ಕಳು ನಗರ ಸೇರಿ ಬೀಗ ಬಿದ್ದ ಮನೆಗಳು ಊರೂರಲ್ಲಿವೆ. ಜಮೀನು ಗುತ್ತಿಗೆಗೆ ಕೇಳಿದರೆ ಮಾತ್ರ ಯಜಮಾನರು ಹಿಂದೆ ಸರಿಯುತ್ತಾರೆ. ಗೇಣಿಗೆ ಕೊಡುವುದನ್ನು ಭೂಸುಧಾರಣಾ ಕಾಯ್ದೆ ನಿಷೇಧಿಸಿದೆ, 1974ರ ನೆನಪೂ ಮಾಸಿಲ್ಲ. ಅದರ ಬದಲು ಒಂದು ತೋಟದ ಒಂದು ವರ್ಷದ ಫಸಲನ್ನಷ್ಟೇ ಮಾತಾಡಿಕೊಳ್ಳಿ. ಕಾಯಿ ಕೀಳಿಸುವುದು, ಅಟ್ಟಕ್ಕೆ ಹಾಕಿಸುವುದು, ಆಳು ಸಿಗದ ವಾರ ಏನು ಮಾಡುವುದು, ತಿಪಟೂರು ಎಪಿಎಂಸಿಯ ಹರಾಜು ಹೇಗೆ ನಡೆಯುತ್ತದೆ, ಇವೆಲ್ಲ ಅಷ್ಟರಲ್ಲೇ ಕಲಿತಾಗುತ್ತದೆ. ಸೋತರೂ ಒಂದು ಫಸಲಿನ ಹಣ ಹೋದೀತು, ಜೀವಮಾನದ ಉಳಿತಾಯ ಉಳಿಯುತ್ತದೆ.

ಹೊಸಬರು ಜಮೀನು ಕೊಂಡೊಡನೆ ಮಾಡುವ ಮೊದಲ ಕೆಲಸ ಸುತ್ತ ತಂತಿ ಬೇಲಿ. ದನ ಹೋಗುವ ಜಾಡು, ಹೆಂಗಸರು ಹುಲ್ಲಿಗೆ ಹೋಗುವ ಕಾಲುದಾರಿ ಅದರೊಳಗೆ ಸಿಕ್ಕಿಕೊಂಡರೆ ಊರಿನೊಂದಿಗಿನ ಜಗಳ ಅಲ್ಲಿಂದಲೇ ಶುರು. ಒಂದು ವರ್ಷ ಬೇಲಿ ಹಾಕದೆ ಯಾರು ಎಲ್ಲಿ ಓಡಾಡುತ್ತಾರೆ ಗಮನಿಸಿ. ಆಮೇಲೆ ಹಾಕಿದರೂ ಒಂದು ಗೇಟು ಬಿಡಿ. ರಾತ್ರಿ ಮೋಟರ್ ಕೆಟ್ಟಾಗ, ಮನೆಯಲ್ಲಿ ಯಾರಿಗೋ ಎದೆ ನೋವೆಂದಾಗ ಬರುವವರು ಇವರೇ.

ಆಸ್ಪತ್ರೆಯ ಮಾತಿಗೆ ಬಂದರೆ, ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಎಷ್ಟು ನಿಮಿಷ ಬೇಕೆಂದು ಗಾಡಿ ಓಡಿಸಿಯೇ ನೋಡಿ. ಹಾವಿನ ವಿಷಕ್ಕೆ ಚುಚ್ಚುಮದ್ದು ಅಲ್ಲಿ ದಾಸ್ತಾನಿದೆಯೇ, ಉಸಿರಾಟದ ಯಂತ್ರ ಇದೆಯೇ ಎಂದು ವಿಚಾರಿಸಿ. ಕಟ್ಟುಹಾವು ಕಚ್ಚಿದ ಜಾಗ ಹೆಚ್ಚು ನೋಯುವುದೂ ಇಲ್ಲ, ಊದುವುದೂ ಇಲ್ಲ, ಉಸಿರು ನಿಲ್ಲುವುದು ತಾಸುಗಳ ನಂತರ. ಹಾಗಾಗಿ ನೆಲದ ಮೇಲೆ ಮಲಗುವುದು ಬೇಡ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕೈಕಾಲು ಅಲುಗಿಸದಂತೆ ನೇರ ಆಸ್ಪತ್ರೆಗೆ ಹೋಗಿ.

ಮಗಳ ವಯಸ್ಸು ನಿಮ್ಮ ನಿರ್ಧಾರದ ಕಾಲವನ್ನು ಕೊಂಚ ಬಿಗಿಮಾಡುತ್ತದೆ. ನವೋದಯ ವಿದ್ಯಾಲಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಆದರೆ 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಆ ದಾರಿ ಬೇಕೆಂದಿದ್ದರೆ 3ನೇ ತರಗತಿಯ ಆರಂಭಕ್ಕೇ ಊರಿನಲ್ಲಿರಬೇಕು. ಅದಾಗಲೇ ದಾಟಿದ್ದರೆ ಅವಸರ ಪಡಲು ಕಾರಣವೇ ಇಲ್ಲ, ತಾಲ್ಲೂಕು ಕೇಂದ್ರದ ಶಾಲೆಗೆ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆಂದು ನೋಡಿಕೊಂಡು ಮನೆ ಹುಡುಕಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ರಾಜೀನಾಮೆ ಕೊಡುವ ಮುನ್ನ ಒಬ್ಬರು ಸಂಬಳವಿಲ್ಲದ ರಜೆ ಅಥವಾ ಮನೆಯಿಂದ ಕೆಲಸದ ಅನುಮತಿ ಕೇಳಿ, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅಲ್ಲಿರಿ. ಆರು ತಿಂಗಳ ಮನೆ ಖರ್ಚನ್ನು ಬರೆದಿಡಿ. ಪೆಟ್ರೋಲು, ಔಷಧಿ, ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡಾಡುವುದೂ ಸೇರಲಿ. ಉಳಿಯುವ ಒಂದು ಸಂಬಳ ಆ ಖರ್ಚನ್ನು ತೂಗಿಸಿ, ಜಮೀನು ಕೊಂಡ ಮೇಲೂ ಇನ್ನೊಂದು ಬೋರ್ ಕೊರೆಸುವಷ್ಟು ಹಣ ಕೈಯಲ್ಲಿ ಮಿಗುವುದಾದರೆ ಆ ಒಬ್ಬರು ಕೆಲಸ ಬಿಡಬಹುದು. ಇನ್ನೊಬ್ಬರ ಸಂಬಳ ತೋಟ ಎರಡು ಬೇಸಿಗೆ ದಾಟುವ ತನಕ ಇರಲಿ.