‘ರಿಫ್ಲೆಕ್ಸ್ ಇಲ್ಲ’ ಎಂದು ಬರೆಯುವ ಮುನ್ನ

ಜೋರು ಸದ್ದು ಒಂದೇ ಕಿವಿಗೆ ಬಿದ್ದರೂ ಎರಡೂ ಮಧ್ಯಕಿವಿಗಳ ಸ್ಟೆಪೀಡಿಯಸ್ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಇದೇ ಅಕೌಸ್ಟಿಕ್ ರಿಫ್ಲೆಕ್ಸ್. ಅದರಿಂದ ಕಿವಿತಮಟೆಯ ಮಣಿತದಲ್ಲಿ ಆಗುವ ಬದಲಾವಣೆಯನ್ನು ಯಂತ್ರ, ಕಿವಿಯೊಳಗಿಡುವ ಪ್ರೋಬ್ ಎಂಬ ತುದಿಯ ಮೂಲಕ ಅಳೆದು, ಗೆರೆಯಾಗಿ ತೋರಿಸುತ್ತದೆ. ಸಾಮಾನ್ಯವಾಗಿ 0.02 ಅಥವಾ 0.03 ಮಿಲಿಲೀಟರ್ ಬದಲಾದರೆ ರಿಫ್ಲೆಕ್ಸ್ ಇದೆಯೆಂದು ಎಣಿಸುವುದರಿಂದ, ಹೊಂದಿಸುವಾಗಿನ ಸಣ್ಣ ಲೋಪವೂ ಫಲಿತಾಂಶವನ್ನು ತಲೆಕೆಳಗು ಮಾಡಬಲ್ಲದು.

ನಾನು ಹೆಚ್ಚಾಗಿ ಕಾಣುವ ಲೋಪ ಒತ್ತಡದ್ದು. ಟಿಂಪನೋಗ್ರಾಮ್‌ನ (ಕಿವಿನಾಳದ ಗಾಳಿಯೊತ್ತಡ ಬದಲಿಸುತ್ತಾ ಕಿವಿತಮಟೆಯ ಮಣಿತ ಅಳೆದ ನಕ್ಷೆಯ) ಶಿಖರ ಮೈನಸ್ 120 ಡೆಕಾಪಾಸ್ಕಲ್‌ನಲ್ಲಿರುವಾಗ ಯಂತ್ರವನ್ನು ಸೊನ್ನೆಯಲ್ಲೇ ಬಿಟ್ಟು ಪರೀಕ್ಷಿಸಿದರೆ ಗೆರೆ ಅಲುಗದೆ ಉಳಿಯಬಹುದು. ಅದೇ ಕಿವಿಯಲ್ಲಿ ಒತ್ತಡವನ್ನು ಶಿಖರಕ್ಕೆ ತಂದೊಡನೆ ಗೆರೆ ಸ್ಪಷ್ಟವಾಗಿ ಬಾಗುವುದುಂಟು. ಆದ್ದರಿಂದ ಮೊದಲು ಆ ನಕ್ಷೆ ತೆಗೆಯುವ ಟಿಂಪನೋಮೆಟ್ರಿ, ಆಮೇಲೆ ರಿಫ್ಲೆಕ್ಸ್. ಪ್ರೋಬ್ ಟೋನ್ (ಅಳತೆಗೆಂದು ಪ್ರೋಬ್ ಹೊರಡಿಸುವ ಸದ್ದು) ದೊಡ್ಡವರಿಗೆ 226 ಹರ್ಟ್ಜ್, ಆರು ತಿಂಗಳೊಳಗಿನ ಶಿಶುಗಳಿಗೆ 1000 ಹರ್ಟ್ಜ್ ಇರಲಿ.

500, 1000 ಮತ್ತು 2000 ಹರ್ಟ್ಜ್‌ಗಳಲ್ಲಿ 5 ಡೆಸಿಬೆಲ್ ಹಂತಗಳಲ್ಲಿ ಸದ್ದನ್ನು ಏರಿಸುತ್ತಾ ಹೋಗುವುದು ರೂಢಿ. ಕೇಳುವಿಕೆ ಸಹಜವಾಗಿರುವವರಲ್ಲೂ 4000 ಹರ್ಟ್ಜ್‌ನಲ್ಲಿ ರಿಫ್ಲೆಕ್ಸ್ ಕಾಣದಿರಬಹುದಾದ್ದರಿಂದ, ಅಲ್ಲಿನ ಗೈರನ್ನಷ್ಟೇ ಹಿಡಿದು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಸ್ವಯಂಚಾಲಿತ ವಿಧಾನ ನೀಡುವ ‘ಇದೆ’, ‘ಇಲ್ಲ’ ಎಂಬ ಉತ್ತರಕ್ಕಿಂತ ಗೆರೆಯನ್ನೇ ನಾನು ಹೆಚ್ಚು ನಂಬುತ್ತೇನೆ. ನಿಜವಾದ ರಿಫ್ಲೆಕ್ಸ್ ಅದೇ ಮಟ್ಟದಲ್ಲಿ ಮತ್ತೊಮ್ಮೆ ಕಾಣುತ್ತದೆ, ಸದ್ದು ಏರಿದಂತೆ ಸಾಮಾನ್ಯವಾಗಿ ಬೆಳೆಯುತ್ತದೆ. ರೋಗಿ ಉಗುಳು ನುಂಗಿದಾಗ ಮೂಡಿದ ಏರಿಳಿತ ಹಾಗೆ ಮರಳುವುದಿಲ್ಲ.

ಒಂದು ಕಿವಿಗೆ ಸದ್ದು ಕೊಟ್ಟು ಇನ್ನೊಂದರಲ್ಲಿ ಅಳೆಯುವ ಎದುರು ಕಿವಿಯ (ಕಾಂಟ್ರಾ) ಪರೀಕ್ಷೆಯಲ್ಲಿ ಹೆಸರಿನ ಗೊಂದಲ ಬಹಳ. ಸಾಮಾನ್ಯ ರೂಢಿಯಂತೆ ‘ಬಲ ಕಾಂಟ್ರಾ’ ಎಂದರೆ ಸದ್ದು ಬಲಗಿವಿಗೆ, ಪ್ರೋಬ್ ಎಡಗಿವಿಗೆ. ಕೆಲವರು ಪ್ರೋಬ್ ಇರುವ ಕಿವಿಯ ಹೆಸರಿನಿಂದಲೂ ದಾಖಲಿಸುತ್ತಾರೆ. ಇದು ಬರೀ ಬರವಣಿಗೆಯ ವಿಚಾರವಲ್ಲ. ಸ್ಟೆಪೀಡಿಯಸ್‌ಗೆ ಕವಲೊಡೆಯುವ ಮೊದಲೇ ಎಡ ಮುಖನರಕ್ಕೆ ಪೆಟ್ಟಾಗಿದ್ದರೆ, ಸದ್ದು ಯಾವ ಕಿವಿಗೇ ಬಿದ್ದರೂ, ಎಡಗಿವಿಯಲ್ಲಿ ಪ್ರೋಬ್ ಇದ್ದಾಗೆಲ್ಲ ರಿಫ್ಲೆಕ್ಸ್ ಕಾಣದೆ ಹೋಗಬಹುದು. ಎಡ ಶ್ರವಣನರದ ದೋಷದಲ್ಲಾದರೆ ಎಡಗಿವಿಗೆ ಸದ್ದು ಕೊಟ್ಟಾಗ ಕಾಣದಿರುತ್ತದೆ. ಹೆಸರು ಅದಲುಬದಲಾದರೆ ಈ ಎರಡನ್ನೂ ಬೇರ್ಪಡಿಸಲಾಗದು. ವರದಿಯಲ್ಲಿ ಸದ್ದಿನ ಕಿವಿ, ಪ್ರೋಬ್ ಕಿವಿ ಎರಡನ್ನೂ ಬಿಡಿಸಿ ಬರೆಯುವುದೇ ಲೇಸು.

ಸದ್ದು ಮುಂದುವರಿದಾಗ ರಿಫ್ಲೆಕ್ಸ್ ಉಳಿಯುತ್ತದೆಯೇ, ಕುಗ್ಗುತ್ತದೆಯೇ ಎಂದು ನೋಡುವ ಡಿಕೇ ಪರೀಕ್ಷೆಗೆ ರಿಫ್ಲೆಕ್ಸ್ ಮಿತಿಗಿಂತ (ಅದು ಕಾಣತೊಡಗುವ ಅತಿ ಕಡಿಮೆ ಮಟ್ಟಕ್ಕಿಂತ) 10 ಡೆಸಿಬೆಲ್ ಮೇಲೆ 10 ಸೆಕೆಂಡು ಸದ್ದು ಕೊಡಬೇಕಾಗುತ್ತದೆ. ಕಿವಿಮೊರೆತ ಇರುವವರಲ್ಲಿ, ಸದ್ದನ್ನು ಸಹಿಸಲಾಗದವರಲ್ಲಿ ಇದು ನಿಜಕ್ಕೂ ಬೇಕೇ ಎಂದು ಮೊದಲೇ ಯೋಚಿಸಿ, ಗರಿಷ್ಠ ಮಟ್ಟವನ್ನು ಯಂತ್ರದಲ್ಲೇ ಕಟ್ಟಿಹಾಕಿದ ಮೇಲೆ ಗುಂಡಿ ಒತ್ತುವುದು ನನ್ನ ಪದ್ಧತಿ.