ತಪ್ಪಾದರೆ ಟೀಮ್‌ನವರು ಯಾಕೆ ಮುಚ್ಚಿಡುತ್ತಾರೆ?

ಪ್ರಶ್ನೆ: ಚಿಕ್ಕದೊಂದು ಟೀಮ್‌ಗೆ ನಾನು ಲೀಡ್. ಎಲ್ಲರೂ ಕೆಲಸ ಬಲ್ಲವರೇ. ಆದರೆ ಏನಾದರೂ ಎಡವಟ್ಟಾದರೆ ನನಗೇ ಕೊನೆಗೆ ಗೊತ್ತಾಗುತ್ತದೆ. ಔಟಿಂಗ್ ಮಾಡಿದ್ದಾಯ್ತು, ಆಟ ಆಡಿಸಿದ್ದಾಯ್ತು. ನಂಬಿಕೆ ಬೆಳೆಸೋದು ಹೇಗೆ?

ಉತ್ತರ: ಔಟಿಂಗ್‌ನಿಂದ ಸಲುಗೆ ಬೆಳೆಯುತ್ತದೆ, ಅದೂ ಬೇಕು. ಆದರೆ ಭಾನುವಾರ ಜೊತೆಗೆ ಕೂತು ನಕ್ಕವರು ಸೋಮವಾರ ಬಂದು ತಪ್ಪು ಒಪ್ಪಿಕೊಳ್ಳುತ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಹೋದ ಸಲ ಹೇಳಿದವರಿಗೆ ಏನಾಯ್ತು ಅಂತ ಅವರು ನೋಡಿರುತ್ತಾರಲ್ವಾ?

ಒಬ್ಬ ಗ್ರಾಹಕರ ಬಿಲ್ ಇನ್ನೊಬ್ಬರಿಗೆ ಮೇಲ್ ಆಗಿಬಿಟ್ಟಿದೆ ಅಂದುಕೊಳ್ಳಿ. ಕಳಿಸಿದ ಹುಡುಗಿ ಮುಖ ಸಣ್ಣ ಮಾಡಿಕೊಂಡು ನಿಮ್ಮ ಹತ್ತಿರ ಬರುತ್ತಾಳೆ. "ಕಳಿಸೋ ಮುಂಚೆ ಒಂದ್ಸಲ ನೋಡೋಕಾಗಲ್ವಾ?" ಅಂದಿರೋ, ಮಾತು ಅಲ್ಲಿಗೇ ಮುಗಿಯಿತು. "ಬೇಗ ಹೇಳಿದ್ದು ಒಳ್ಳೇದಾಯ್ತು, ಯಾರಿಗೆ ಹೋಗಿದೆ?" ಅಂದರೆ ಇಬ್ಬರೂ ಕೂತು ಸರಿಪಡಿಸಬಹುದು. ಅಕ್ಕಪಕ್ಕದ ಸೀಟಿನವರು ಕಂಪ್ಯೂಟರ್‌ನಿಂದ ತಲೆ ಎತ್ತದೇ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ನಾಳೆ ತಮ್ಮ ತಪ್ಪು ಹೇಳಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡೋದೂ ಆಗಲೇ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಟೀಮ್‌ಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಅಂಥ ಟೀಮ್‌ಗಳಲ್ಲೇ ಪತ್ತೆಯಾದ ತಪ್ಪುಗಳು ಜಾಸ್ತಿ! ಅಲ್ಲಿನವರು ಹೆದರದೆ ಹೇಳಿಕೊಳ್ಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಅನ್ನೋದು ಅವರು ಕಂಡುಕೊಂಡ ಕಾರಣ. ಹಾಗಾಗಿ ನಿಮ್ಮ ಕಿವಿಗೆ ಬೀಳುವ ಎಡವಟ್ಟುಗಳು ಇದ್ದಕ್ಕಿದ್ದಂತೆ ಹೆಚ್ಚಾದರೆ ಗಾಬರಿಯಾಗಬೇಡಿ. ನನ್ನ ಪ್ರಕಾರ ಅದು ಶುಭ ಸೂಚನೆ.

ಹಾಗಂತ ಸುಮ್ನೆ ಎಲ್ಲದಕ್ಕೂ ತಲೆಯಾಡಿಸುತ್ತಾ ಕೂರಬೇಕಾ? ಬೇಡ. ಅದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ ಪಕ್ಕಕ್ಕೆ ಕರೆದು ನೇರವಾಗಿ ಹೇಳಿ. ಎಲ್ಲರೆದುರು ಮಾತ್ರ ಬೇಡ. ಮೇಲಿನವರ ಮುಂದೆ ಟೀಮ್‌ನವರ ಕೆಲಸವನ್ನು ಅವರವರ ಹೆಸರಲ್ಲೇ ಹೇಳಿ. ರಜೆ ಕೊಡ್ತೀನಿ ಅಂದಿದ್ದರೆ ಕೊಟ್ಟುಬಿಡಿ.

ಇನ್ನು ಅಪ್ರೈಸಲ್, ಅಂದರೆ ವರ್ಷದ ಕೆಲಸಕ್ಕೆ ಮಾರ್ಕ್ಸ್ ಹಾಕೋದು. ಹೆಚ್ಚಿನವರು ಎಡವೋದು ಇಲ್ಲೇ. ಅವರಾಗಿಯೇ ಬಂದು ಹೇಳಿಕೊಂಡ ತಪ್ಪನ್ನು ವರ್ಷದ ಕೊನೆಗೆ ಅವರ ಲೆಕ್ಕಕ್ಕೆ ಮೈನಸ್ ಅಂತ ಬರೆದರೆ, ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮಾರ್ಕ್ಸ್ ಹಾಕೋದು ನಿಮ್ಮೊಬ್ಬರ ಕೈಯಲ್ಲಿ ಇಲ್ಲದಿದ್ದರೆ, ಈ ವಿಷಯ ಎಚ್‌ಆರ್‌ನವರ ಜೊತೆ ಈಗಲೇ ಮಾತಾಡಿಕೊಳ್ಳಿ. ಫಾರ್ಮ್ ಕೈಗೆ ಬಂದ ಮೇಲೆ ತಡವಾಗುತ್ತದೆ.